ಸ್ಯಾಲಿ-ಆ್ಯನ್ ಪರೀಕ್ಷೆ: ನಾಲ್ಕೂವರೆ ವರ್ಷದವರೂ ತಪ್ಪು ಹೇಳುತ್ತಿದ್ದಾರೆ, ಎಲ್ಲಿ ಎಡವಟ್ಟು?

ಎಂಎಸ್ಸಿ_ಮನಃಶಾಸ್ತ್ರ:
ಡಿಸರ್ಟೇಶನ್‌ಗೆ ಅಂಗನವಾಡಿಯ 3ರಿಂದ 5 ವರ್ಷದ ಮಕ್ಕಳ ಜೊತೆ ಸ್ಯಾಲಿ-ಆ್ಯನ್ ಪರೀಕ್ಷೆ ಮಾಡಬೇಕು. ಇನ್ನೊಬ್ಬರ ಮನಸ್ಸಿನಲ್ಲಿ ತಪ್ಪು ನಂಬಿಕೆ ಇರಬಹುದು ಅಂತ ಮಗುವಿಗೆ ಅರ್ಥವಾಗುತ್ತದೆಯೇ ಎಂದು ಗೊಂಬೆ ಕಥೆಯಿಂದ ನೋಡುವ ಪರೀಕ್ಷೆ ಇದು. ಗೊಂಬೆಗಳಿಗೆ ಗೌರಿ, ಲಕ್ಷ್ಮಿ ಅಂತ ಹೆಸರು. ಗೌರಿ ಬುಟ್ಟಿಯಲ್ಲಿಟ್ಟ ಗೋಲಿಯನ್ನು, ಅವಳು ಆಚೆ ಹೋದಾಗ ಲಕ್ಷ್ಮಿ ಡಬ್ಬಿಗೆ ಹಾಕುತ್ತಾಳೆ. ಗೌರಿಗೆ ಇದು ಗೊತ್ತಿಲ್ಲ, ಹಾಗಾಗಿ ಸರಿ ಉತ್ತರ ಬುಟ್ಟಿ. "ಗೌರಿ ಎಲ್ಲಿ ಹುಡುಕಬೇಕು?" ಅಂತ ಕೇಳಿದರೆ ದೊಡ್ಡ ಮಕ್ಕಳೂ ಡಬ್ಬಿಯನ್ನೇ ತೋರಿಸುತ್ತಾರೆ. ಒಂದು ಗುಂಪಿಗೆ ಎಷ್ಟು ಮಕ್ಕಳು ಸಾಕು?

ಬೆಳವಣಿಗೆ_ಲ್ಯಾಬ್:
ಮೊದಲು ಪ್ರಶ್ನೆ ಬದಲಿಸಿ. "ಹುಡುಕಬೇಕು" ಅಂದರೆ ಮಗು ಗೌರಿಗೆ ಸಹಾಯ ಮಾಡಲು ಹೊರಟು ಗೋಲಿ ಸಿಗುವ ಜಾಗ ತೋರಿಸಬಹುದು. "ಗೌರಿ ವಾಪಸ್ ಬಂದ್ಲು. ಗೋಲಿಗೆ ಮೊದಲು ಎಲ್ಲಿ ನೋಡ್ತಾಳೆ?" ಅಂತ ಕೇಳಿ. "ಮೊದಲು" ಸೇರಿದರೆ 3 ವರ್ಷದವರ ಸರಿ ಉತ್ತರ ಹೆಚ್ಚುತ್ತದೆ ಎಂದು ಸಂಶೋಧಕರಾದ ಸೀಗಲ್ ಮತ್ತು ಬೀಟಿ 1991ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಎಲ್ಲ ಮಕ್ಕಳಿಗೂ ಅದೇ ವಾಕ್ಯ ಇರಲಿ, ಒಬ್ಬರಿಗೊಂದು ರೀತಿ ಬೇಡ.

ಆಮೇಲೆ ಎರಡು ತಪಾಸಣೆ ಪ್ರಶ್ನೆ ಬಿಡಲೇಬೇಡಿ: "ಗೋಲಿ ನಿಜವಾಗ್ಲೂ ಎಲ್ಲಿದೆ?", "ಗೌರಿ ಅದನ್ನ ಎಲ್ಲಿಟ್ಟಿದ್ಲು?" ಇವುಗಳಲ್ಲಿ ತಪ್ಪಿದ ಮಗು ಕಥೆಯನ್ನೇ ಹಿಡಿದಿಲ್ಲ. ಅದನ್ನು ತಪ್ಪು ನಂಬಿಕೆ ಅರ್ಥವಾಗದವರ ಲೆಕ್ಕಕ್ಕೆ ಸೇರಿಸಬಾರದು.

ಗೌರಿಯನ್ನು ಮೇಜಿನ ಅಂಚಿಗೆ ಸರಿಸಿದರೆ ಸಾಲದು, ಅವಳು ನೋಡುತ್ತಲೇ ಇದ್ದಾಳೆ ಅಂತ ಮಗು ಅಂದುಕೊಳ್ಳಬಹುದು. ಬಾಗಿಲಾಚೆ ಇಡಿ. ಪ್ರಶ್ನೆ ಕೇಳುವಾಗ ನಿಮ್ಮ ಕಣ್ಣು ಡಬ್ಬಿಯ ಮೇಲಿದ್ದರೆ ಮಗುವಿನ ಬೆರಳೂ ಅಲ್ಲಿಗೇ ಹೋಗುತ್ತದೆ. ಅದರ ಮುಖ ನೋಡಿಯೇ ಕೇಳಿ. ಅರ್ಧ ಮಕ್ಕಳಿಗೆ ಬುಟ್ಟಿ ಎಡಕ್ಕೆ, ಉಳಿದರ್ಧಕ್ಕೆ ಬಲಕ್ಕೆ.

ಅಂಕಿಅಂಶ_ಮೇಷ್ಟ್ರು:
ಜಾಗ ಎರಡೇ ಇರುವುದರಿಂದ ಊಹಿಸಿದರೂ ಅರ್ಧ ಸರಿಯಾಗುತ್ತದೆ. ಫಲಿತಾಂಶ ಬರೀ ಊಹೆಯಿಂದ ಬಂದಿರಬಹುದೇ ಎಂದು ಲೆಕ್ಕ ಹಾಕುವ ಬೈನಾಮಿಯಲ್ ಪರೀಕ್ಷೆಯ 0.05 ಮಟ್ಟದಲ್ಲಿ, ಗುಂಪಿನಲ್ಲಿ 20 ಮಕ್ಕಳಿದ್ದರೆ ಊಹೆಗಿಂತ ಮೇಲು ಎನ್ನಲು ಕನಿಷ್ಠ 15 ಮಂದಿ ಸರಿ ಹೇಳಬೇಕು, 14 ಸಾಲದು. 5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದೇ ನಿಜವಾದ ಸುದ್ದಿ: ಮಕ್ಕಳು ಊಹಿಸುತ್ತಿಲ್ಲ, ತಮಗೆ ಗೊತ್ತಿರುವುದು ಗೌರಿಗೂ ಗೊತ್ತು ಎಂಬಂತೆ ಉತ್ತರಿಸುತ್ತಿದ್ದಾರೆ. 3 ವರ್ಷದವರಲ್ಲಿ ಸಾಮಾನ್ಯವಾಗಿ ಕಾಣುವುದು ಇದೇ. ಹಾಗಾಗಿ ಸರಾಸರಿ ಮಾತ್ರ ಬರೆದು ಕೈತೊಳೆದುಕೊಳ್ಳಬೇಡಿ.

ವಯಸ್ಸನ್ನು ತಿಂಗಳಲ್ಲಿ ಬರೆಯಿರಿ. ತಂದೆತಾಯಿ ಬಾಯಲ್ಲಿ ಹೇಳಿದ್ದಕ್ಕಿಂತ ತಾಯಿ ಕಾರ್ಡ್ ಅಥವಾ ಜನನ ಪ್ರಮಾಣಪತ್ರ ನೋಡುವುದು ಒಳ್ಳೆಯದು.

ಎಂಎಸ್ಸಿ_ಮನಃಶಾಸ್ತ್ರ:
ಧನ್ಯವಾದ ಸರ್. ಒಂದೇ ಕೋಣೆಯಲ್ಲಿ ಎಲ್ಲ ಮಕ್ಕಳೂ ಇರುತ್ತಾರೆ, ಏನು ಮಾಡಲಿ?

ಬೆಳವಣಿಗೆ_ಲ್ಯಾಬ್:
ಹೊರಗೆ ಜಗಲಿಯಲ್ಲಿ, ಟೀಚರ್ ಕಣ್ಣಿಗೆ ಬೀಳುವಂತೆ, ಒಬ್ಬೊಬ್ಬರನ್ನೇ ಕೂರಿಸಿ. ಬೇರೆಯವರ ಉತ್ತರ ಕೇಳಿಸಿಕೊಂಡ ಮಗುವಿನ ದತ್ತಾಂಶ ಬಳಸಬೇಡಿ. ಪೋಷಕರ ಲಿಖಿತ ಒಪ್ಪಿಗೆ, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯ ಅನುಮತಿ ಮೊದಲೇ ಕೈಯಲ್ಲಿರಲಿ. ಮಗು "ಬೇಡ" ಅಂದರೆ ಅಲ್ಲಿಗೇ ನಿಲ್ಲಿಸಿ.