ಮಕ್ಕಳ ಪುಸ್ತಕ ಬರೆದವರೇ, ಸ್ವಲ್ಪ ಹೇಳಿ

ಕೊಡಗಿನ ಸಿದ್ದಾಪುರ ಕಡೆಯ ಶಿಕ್ಷಕಿ: ತೋಟದ ಕೆರೆಗೆ ಬಿದ್ದ ಆನೆಮರಿಯ ಕಥೆ ಬರೆದಿದ್ದೇನೆ, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳಿಗೆ. ಒಬ್ಬ ಪ್ರಕಾಶಕರು ದುಡ್ಡು ಕೊಟ್ಟರೆ ಅಚ್ಚು ಹಾಕಿಕೊಡ್ತೀವಿ ಅಂದ್ರು. ಚಿತ್ರ ನಾನೇ ಬರೆಸಬೇಕಾ? ಕಥೆ ಚೆನ್ನಾಗಿದೆಯಾ ಅಂತ ಯಾರನ್ನ ಕೇಳೋದು?

ಪೊನ್ನಂಪೇಟೆಯಿಂದ: ಟೀಚರ್, ದುಡ್ಡಿನ ಮಾತು ಆಮೇಲೆ. ಮೊದಲು ನಿಮ್ಮ ಕ್ಲಾಸಲ್ಲೇ ಗಟ್ಟಿಯಾಗಿ ಓದಿ. ನಮ್ಮಲ್ಲಿ ಒಂದೇ ಬೆಂಚಲ್ಲಿ ಕೊಡವ ತಕ್ಕ್ ಮಾತಾಡೋ ಮಗು, ಅರೆಭಾಷೆ ಮಗು, ಎರವರ ಮಗು, ತೋಟದ ಕೆಲಸದವರ ಲೈನ್ ಮನೆಯಿಂದ ಬರೋ ಅಸ್ಸಾಂ ಕಡೆಯ ಮಗು ಎಲ್ಲ ಇರ್ತಾರೆ. ಎಷ್ಟೋ ಮಕ್ಕಳಿಗೆ ಕನ್ನಡ ಶಾಲೆಗೆ ಬಂದ ಮೇಲೆ ಸಿಗೋ ಭಾಷೆ. ‘ಗಜಶಿಶುವು ಆರ್ತನಾದಗೈದಿತು’ ಅಂದ್ರೆ ಕಥೆ ಅಲ್ಲೇ ಮುಗೀತು. ‘ಮರಿ ಕೂಗಿತು. ಅಮ್ಮನಿಗೆ ಕೇಳಿಸಲಿಲ್ಲ.’ ಇಷ್ಟು ಸಾಕು. (ಒಂದನೇ ಕ್ಲಾಸಿಗೆ ಒತ್ತಕ್ಷರ ಕಮ್ಮಿ ಇರಲಿ ಅಂತಾರೆ, ನಿಜ. ಹಾಗಂತ ‘ಅಮ್ಮ’ನನ್ನೇ ಬಿಡೋಕಾಗುತ್ತಾ?)

ಓದುವಾಗ ಎಲ್ಲಿ ಪಕ್ಕದವರ ಜಡೆ ಎಳೆಯೋಕೆ ಶುರು ಮಾಡ್ತಾರೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮಾರನೇ ದಿನ ಒಬ್ಬರ ಹತ್ರ ಅದೇ ಕಥೆ ಹೇಳಿಸಿ. ಅವರು ಬಿಟ್ಟದ್ದನ್ನ ನೀವೂ ಬಿಡಬಹುದಾ ನೋಡಿ. ಕೆರೆ ದಂಡೆ ಕಡಿದು ಮರಿಗೆ ದಾರಿ ಮಾಡೋ ಜೆಸಿಬಿ ಇದ್ರೆ ಮಾತ್ರ ಅದಕ್ಕೆ ಧಾರಾಳ ಜಾಗ ಕೊಡಿ. ಹುಡುಗರು ಆನೇನ ಮರೆತು ಅದರ ಹಿಂದೆ ಹೋದ್ರೂ ಹೋದ್ರೇ.

ವಿರಾಜಪೇಟೆಯಿಂದ: ಕಷ್ಟದ ಮಾತೇ ಬೇಡ ಅನ್ನೋದು ನಾನು ಒಪ್ಪಲ್ಲ. ಮಡಿಕೇರಿಯಲ್ಲಿ ಮೇಷ್ಟ್ರಾಗಿದ್ದ ಪಂಜೆ ಮಂಗೇಶರಾಯರ ಪದ್ಯಗಳನ್ನ ಅರ್ಥ ಪೂರ್ತಿ ಆಗದೆಯೇ ನಾವೆಲ್ಲ ಬಾಯಿಪಾಠ ಮಾಡಿಲ್ವಾ? ಲಯ ಇದ್ರೆ ಮಗು ಪದಾನ ಹಿಡ್ಕೊಳ್ಳುತ್ತೆ.

ಮಡಿಕೇರಿಯಿಂದ (ನಾನು ಚಿತ್ರ ಬರೆಯೋಳು): ಚಿತ್ರ ಈಗಲೇ ಬರೆಸಬೇಡಿ, ಸಾಮಾನ್ಯವಾಗಿ ಪ್ರಕಾಶಕರೇ ಕಲಾವಿದರನ್ನ ಹುಡುಕ್ತಾರೆ. ಅವರಿಗೆ ನಿಮ್ಮ ಕಡೆಯ ಕಾಫಿ ತೋಟದ ಫೋಟೊ ಮಾತ್ರ ತಪ್ಪದೆ ಕಳಿಸಿ. ಇಲ್ಲಾಂದ್ರೆ ಕೊಡಗು ಅಂತ ಟೀ ತೋಟದ ಗುಡ್ಡ ಬರೀತಾರೆ. ಮರದ ನೆರಳೂ ಇಲ್ಲ, ಮೆಣಸಿನ ಬಳ್ಳಿಯೂ ಇಲ್ಲ. ಗಿಡದ ತುಂಬ ಬಿಳಿ ಹೂವು, ಪಕ್ಕದಲ್ಲೇ ಕೆಂಪು ಹಣ್ಣು ಕೊಯ್ಯೋ ಹೆಂಗಸರು! ಕಾಫಿ ಹೂವು ಅರಳಿಸೋ ಹೂಮಳೆ ಬೀಳೋದು ಮಾರ್ಚ್ ಆಸುಪಾಸು, ಹಣ್ಣು ಕೊಯ್ಯೋದು ಚಳಿಗಾಲದಲ್ಲಿ. ಆನೆಗೆ ಆಫ್ರಿಕಾದ ಮೊರದಗಲ ಕಿವಿ ಬರೆಯೋರೂ ಇದ್ದಾರೆ. ತಾಯಾನೆಗೆ ಉದ್ದ ದಂತ ಬರೆದ್ರಂತೂ ದುಬಾರೆ ಆನೆ ಶಿಬಿರ ನೋಡಿ ಬಂದ ಮಕ್ಕಳು ಸುಮ್ನೆ ಬಿಡ್ತಾರಾ?

ಇನ್ನೊಂದು: ನಾಲ್ಕು ಎ4 ಹಾಳೆ ಮಧ್ಯಕ್ಕೆ ಮಡಚಿ ಹೊಲಿದ್ರೆ 16 ಪುಟದ ಪುಸ್ತಕ ಆಯ್ತು. ಅದರಲ್ಲಿ ಕಥೆ ಹಂಚಿ ಬರೀರಿ. ಮರಿ ಜಾರೋ ಸಾಲು ಬಲಪುಟದ ಕೊನೇಲಿ ಬರಲಿ, ಬಿದ್ದದ್ದು ಹಾಳೆ ತಿರುವಿದ ಮೇಲೆ. ಚಿತ್ರದಲ್ಲಿ ಕಾಣೋದನ್ನ ಮತ್ತೆ ಬರೀಬೇಡಿ. ನೀರು ಎಷ್ಟು ತಣ್ಣಗಿತ್ತು, ಅದನ್ನ ಬರೀರಿ.

ಕುಶಾಲನಗರದಿಂದ: ದುಡ್ಡು ಕೊಡಬೇಡಿ. ಪುಸ್ತಕದ ಗುರುತಿನ ನಂಬರು ಐಎಸ್‌ಬಿಎನ್‌ಗೆ ಅಂತ ಕೇಳಿದ್ರೆ ಇನ್ನೂ ಹುಷಾರು. ರಾಜಾ ರಾಮಮೋಹನ್ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಅದನ್ನ ಪುಕ್ಕಟೆ ಕೊಡುತ್ತೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ನೀವೇ ಕಥೆ ಹಾಕಬಹುದು, ಅಲ್ಲಿರೋ ಚಿತ್ರಾನೂ ಬಳಸಬಹುದು. ಆದ್ರೆ ಅಲ್ಲಿ ಹಾಕಿದ್ದನ್ನ ನಿಮ್ಮ ಹೆಸರು ಹೇಳಿ ಯಾರು ಬೇಕಾದ್ರೂ ಅಚ್ಚು ಹಾಕಿ ಮಾರಬಹುದು. ಪ್ರಕಾಶಕರಿಗೆ ಅಂತ ಇಟ್ಟ ಕಥೇನ ಅಲ್ಲಿ ಹಾಕಬೇಡಿ, ಬೇರೆ ಒಂದು ಬರೆದು ಹಾಕಿ.