ವಿಷಯ: ಬೇಟೆಹಕ್ಕಿಗಳ ‘ಸ್ಪ್ರಿಂಗ್’, ‘ಆಟಮ್’ ವಲಸೆಗಳಿಗೆ ಪದ ಬೇಕಾಗಿದೆ

ಮಾನ್ಯರೇ,

ಬೇಟೆಹಕ್ಕಿಗಳ ವಲಸೆಯನ್ನು ಕುರಿತ ಮಾಹಿತಿಫಲಕವೊಂದರ ಅನುವಾದ ನಾಳೆ ಅಚ್ಚಿಗೆ ಹೋಗಬೇಕಿದೆ. ‘ವಸಂತವಲಸೆ’, ‘ಶರದ್ವಲಸೆ’ ಎಂದು ಬರೆದುಕೊಂಡಿದ್ದೆ. ಅಮುರ್ ಫಾಲ್ಕನ್ ಬಂದಲ್ಲಿ ತೊಡಕಾಯಿತು. ಅಕ್ಟೋಬರ್–ನವೆಂಬರಿನಲ್ಲಿ ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ತಂಗಿ, ಅರಬ್ಬೀ ಸಮುದ್ರವನ್ನು ದಾಟಿ ಆಫ್ರಿಕದ ದಕ್ಷಿಣ ಭಾಗವನ್ನು ಸೇರುವ ಈ ಹಕ್ಕಿ ಅಲ್ಲಿಂದ ಮರಳಿ ಹೊರಡುವ ಹೊತ್ತಿಗೆ ಆ ನೆಲದಲ್ಲಿ ನಡೆಯುತ್ತಿರುವುದು ವಸಂತವಲ್ಲ, ಶರತ್ಕಾಲ. ಜೊತೆಗೆ ‘ಲೂಪ್ ಮೈಗ್ರೇಶನ್’, ಎಂದರೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದು ದಾರಿಯಲ್ಲಿ ಮರಳುವ ವಲಸೆ, ಎಂಬುದಕ್ಕೂ ಪದ ಬೇಕು. ಬಿಸಿಗಾಳಿಯ ಏರುಹರಿವನ್ನು ನೆಚ್ಚಿ ತೇಲುವ, ಆದ್ದರಿಂದಲೇ ಅಗಲವಾದ ಕಡಲನ್ನು ದಾಟಲೊಲ್ಲದ ಸ್ಟೆಪ್ ಈಗಲ್ ಎಂಬ ಹದ್ದುಗಳಲ್ಲಿ ಹಲವು, ಆಫ್ರಿಕಕ್ಕೆ ಹೋಗುವಾಗ ಕೆಂಪು ಸಮುದ್ರದ ದಕ್ಷಿಣ ತುದಿಯ ಬಾಬ್ ಎಲ್ ಮಂದೆಬ್ ಜಲಸಂಧಿಯನ್ನು ದಾಟಿ, ಮರಳುವಾಗ ಉತ್ತರ ತುದಿಯ ಸೂಯೆಜ್ ಮಾರ್ಗವಾಗಿ ಆ ಸಮುದ್ರವನ್ನು ಸುತ್ತಿ ಬರುತ್ತವೆ.

ಉತ್ತರ ೧

‘ವಸಂತವಲಸೆ’ ಸಂಸ್ಕೃತಕ್ಕೆ ಕನ್ನಡವನ್ನು ಬೆಸೆದ ಅರಿಸಮಾಸ, ಅಲ್ಲಿಗೆ ಚರ್ಚೆ ಮುಗಿಯಿತು. ತೆಂಕಣಕ್ಕೆ ಹೋಗುವುದು ‘ತೆಂಕುವಲಸೆ’, ಬಡಗಣಕ್ಕೆ ಬರುವುದು ‘ಬಡಗುವಲಸೆ’. ಋತುವಿನ ಗೊಡವೆಯೇ ಇಲ್ಲ. ಲೂಪ್ ಎಂಬುದಕ್ಕೆ ‘ಬಳಸುವಲಸೆ’ ಸಾಕು. ಫಲಕದಲ್ಲಿ ‘ಪಕ್ಷಿ’ ಎಂದು ಎಲ್ಲಿಯೂ ಬರೆಯಬೇಡಿ. ಅಚ್ಚಗನ್ನಡದ ‘ಹಕ್ಕಿ’ ಇರುವಾಗ ಸಾಲವೇಕೆ?

ಉತ್ತರ ೨

‘ಹಕ್ಕಿ’ ಅಚ್ಚಗನ್ನಡವೆಂದು ಹೇಳುವವರು ಸಂಸ್ಕೃತದ ಪಕ್ಷಿ, ಅದರಿಂದ ಪಕ್ಕಿ, ಹಕ್ಕಿ ಎಂಬ ಸಾಲನ್ನು ಒಮ್ಮೆ ನೋಡಬೇಕು. ಸಾಲದ ಮಾತನ್ನೇ ಆಡುತ್ತ ಸಾಲದ ಪದವನ್ನು ಮನೆಯದೆಂದು ಕೊಡಿಸುತ್ತಿದ್ದಾರೆ. ಅರಿಸಮಾಸವನ್ನು ಬಿರುದಾವಳಿಗಳಲ್ಲಿ ಹಳಗನ್ನಡದ ವ್ಯಾಕರಣಕಾರ ಕೇಶಿರಾಜನೇ ಒಪ್ಪಿದ್ದಾನೆ. ಇನ್ನು ‘ಬಳಸುವಲಸೆ’ಯನ್ನು ಓದುವವರು ‘ಬಳಸುವ’ ಎಂಬಲ್ಲಿಗೆ ನಿಂತು, ಮಿಕ್ಕ ‘ಲಸೆ’ ಏನೆಂದು ತಡಕಾಡುತ್ತಾರೆ.

ನನ್ನ ಆಕ್ಷೇಪ ಬೇರೆಯದು. ಈ ಎರಡು ವಲಸೆಗಳ ಭೇದ ದಿಕ್ಕಿನದಷ್ಟೇ ಅಲ್ಲ. ಗೂಡಿನ ಜಾಗಕ್ಕೆ ಮೊದಲು ತಲುಪುವ ಆತುರವಿರುವುದರಿಂದ ಮರಳುವ ಪಯಣ ಸಾಮಾನ್ಯವಾಗಿ ಚುರುಕಾಗಿರುತ್ತದೆ. ಹೋಗುವ ಗುಂಪಿನಲ್ಲಾದರೋ ಆ ವರ್ಷದ ಮರಿಗಳೂ ಸೇರಿರುತ್ತವೆ. ಮೀನು ಹಿಡಿಯುವ ಬೇಟೆಹಕ್ಕಿ ಆಸ್ಪ್ರೆಯ ಮರಿಗಳಂತೂ ತಮ್ಮ ಮೊದಲ ಬೇಸಿಗೆಯನ್ನು ಸಾಮಾನ್ಯವಾಗಿ ಚಳಿಗಾಲದ ನೆಲೆಯಲ್ಲಿಯೇ ಕಳೆಯುವುದರಿಂದ, ಹೋದವರೆಲ್ಲ ಮರುವರ್ಷವೇ ಬಂದರೆಂದು ಲೆಕ್ಕ ಹಾಕುವಂತಿಲ್ಲ. ಆದ್ದರಿಂದ ಮರಳುವ ಪಯಣವನ್ನು ‘ಗೂಡುಮುಖ ವಲಸೆ’ ಎನ್ನುವುದು ಲೇಸು.

ಉತ್ತರ ೧, ಮತ್ತೆ

‘ಗೂಡು’ ಕನ್ನಡ, ‘ಮುಖ’ ಸಂಸ್ಕೃತ. ಫಲಕವೇನು ಬಿರುದಾವಳಿಯೇ? ಆತುರವನ್ನೂ ಮರಿಗಳ ಎಣಿಕೆಯನ್ನೂ ಒಂದೇ ಪದದೊಳಗೆ ತುರುಕಹೊರಟರೆ ಅದು ಪದವಾಗದು, ಪ್ರಬಂಧವಾಗುತ್ತದೆ. ಹೀಗೆಯೇ ನಮ್ಮ ಪಾರಿಭಾಷಿಕಗಳೆಲ್ಲ ಕೆಟ್ಟವು.

ಉತ್ತರ ೩

ತೆಂಕು, ಬಡಗು ಎಂಬ ಜೋಡಿಗೂ ಒಂದು ಮಿತಿಯುಂಟು: ದಕ್ಷಿಣಗೋಳದಲ್ಲಿ ಮರಿಮಾಡಿ ಚಳಿಗೆ ಉತ್ತರಕ್ಕೆ ಸರಿಯುವ ಹಕ್ಕಿಗಳಿಗೆ ಅದರ ಅರ್ಥ ತಿರುಗುಮುರುಗಾಗುತ್ತದೆ. ನಿಮ್ಮ ಫಲಕದಲ್ಲಿರುವವು ಉತ್ತರದಲ್ಲಿ ಗೂಡು ಕಟ್ಟುವವು ಮಾತ್ರವಾದರೆ ಅಡ್ಡಿಯಿಲ್ಲ.

ಕೇಳಿದವರಿಂದ

ಉತ್ತರದವು ಮಾತ್ರವೇ ಇವೆ. ‘ತೆಂಕುವಲಸೆ’, ‘ಬಡಗುವಲಸೆ’ ಎಂದು ಬರೆದು, ಪಕ್ಕದಲ್ಲಿ ತಿಂಗಳುಗಳನ್ನು ಕೊಡುತ್ತೇನೆ. ಲೂಪ್ ಇದ್ದಲ್ಲಿ ಪದ ಕಟ್ಟುವುದನ್ನು ಬಿಟ್ಟು ‘ಹೋಗುವ ದಾರಿಯೊಂದು, ಮರಳುವ ದಾರಿಯೊಂದು’ ಎಂದು ನಕಾಶೆಯ ಕೆಳಗೆ ಹಾಕಿಸುತ್ತೇನೆ.