ಸೀನನ ಕ್ಯಾಮೂ ಬಟ್ಟೆ ಒಣಹಾಕುವ ಹಗ್ಗವೂ

ಸೀನ ಫೋನ್ ಮಾಡಿ "ಕ್ಯಾಮ್ ಬಂತು ಕಣ್ರೋ, ಬೇಗ ಬನ್ನಿ" ಅಂದಾಗ ಮಂಜ ಅದನ್ನು ಕ್ಯಾಮೆರಾ ಅಂದುಕೊಂಡುಬಿಟ್ಟಿದ್ದ. ತಲೆ ಬಾಚಿ, ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದ. ಶೆಡ್ಡಿನಲ್ಲಿ ನೋಡಿದರೆ ಉದ್ದನೆಯ ಎರಡು ರಟ್ಟಿನ ಡಬ್ಬ, ಒಳಗೆ ಎಣ್ಣೆ ಸವರಿದ ಎರಡು ಲೋಹದ ಕೋಲು. ಮೈತುಂಬ ಮೊಟ್ಟೆ ಆಕಾರದ ಉಬ್ಬುಗಳು.

"ಇದರ ಜೊತೆ ಫೋಟೋ ತೆಗೆಸಿಕೊಳ್ಳೋಕಾ ನಾನು ಶೇವ್ ಮಾಡಿಕೊಂಡು ಬಂದಿದ್ದು?" ಅಂದ ಮಂಜ.

ಸೀನನಿಗೆ ಅದೆಲ್ಲ ಕೇಳಿಸಲಿಲ್ಲ. ಕಾರಿನ ಇಂಜಿನ್ನಿಗೆ ಹಾಕುವ ಆ ಕ್ಯಾಮ್ ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸುತ್ತಿದ್ದ. ಹುಟ್ಟಿದ ಮಗುವನ್ನೂ ಅವನು ಅಷ್ಟು ಹುಷಾರಾಗಿ ಎತ್ತಿಕೊಂಡಿರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

"ಈ ಉಬ್ಬು ಇದೆಯಲ್ಲ, ಇದೇ ವಾಲ್ವನ್ನು ಒತ್ತಿ ತೆರೆಯೋದು. ಪಿಸ್ಟನ್ನುಗಳು ತಿರುಗಿಸುವ ದೊಡ್ಡ ಕೋಲು, ಅದೇ ಕ್ರ್ಯಾಂಕ್, ಎರಡು ಸುತ್ತು ಸುತ್ತಿದರೆ ಇದು ಒಂದು ಸುತ್ತು. ಉಬ್ಬು ಎತ್ತರ ಇದ್ದರೆ ವಾಲ್ವ್ ಜಾಸ್ತಿ ತೆರೆಯುತ್ತೆ, ಅಗಲ ಇದ್ದರೆ ಜಾಸ್ತಿ ಹೊತ್ತು ತೆರೆದಿರುತ್ತೆ. ಗಾಳಿ ಜಾಸ್ತಿ, ಪೆಟ್ರೋಲ್ ಜಾಸ್ತಿ, ಪವರ್ ಜಾಸ್ತಿ. ಇದು 284 ಡಿಗ್ರಿ!"

"ಅಷ್ಟು ಬಿಸಿ ಆಗುತ್ತಾ?" ಮಂಜ ಎರಡು ಹೆಜ್ಜೆ ಹಿಂದೆ ಸರಿದ.

ಅಷ್ಟು ಹೊತ್ತಿಗೆ ರಾಜಣ್ಣ ಬಂದರು. ಅವರು ಜೀವಮಾನವೆಲ್ಲ ಇಂಜಿನ್ ಬಿಚ್ಚಿ ಜೋಡಿಸಿದವರು. ಮಾತು ಕಮ್ಮಿ, ಆಡಿದರೆ ಎದುರಿಗಿದ್ದವನ ಉತ್ಸಾಹ ಅರ್ಧ ಇಳಿಯುತ್ತೆ. ಡಬ್ಬದ ಜೊತೆ ಬಂದಿದ್ದ ಕಾರ್ಡನ್ನು ಕನ್ನಡಕ ಏರಿಸಿ ಓದಿದರು.

"ಆ ಡಿಗ್ರಿ ಬಿಸಿಯದಲ್ಲಪ್ಪ. ವಾಲ್ವ್ ತೆರೆದಿರುವಷ್ಟು ಹೊತ್ತಿನಲ್ಲಿ ಕ್ರ್ಯಾಂಕ್ ಎಷ್ಟು ತಿರುಗುತ್ತೆ ಅನ್ನೋ ಲೆಕ್ಕ. ಅದನ್ನೂ ಒಬ್ಬೊಬ್ಬರು ಒಂದೊಂದು ಥರ ಅಳೀತಾರೆ. ಕೆಲವರು ವಾಲ್ವ್ ಮಿಸುಕಿದ ತಕ್ಷಣ ಶುರು ಮಾಡ್ತಾರೆ, ಕೆಲವರು 1 ಮಿಲಿಮೀಟರ್ ಎದ್ದ ಮೇಲೆ, ಕೆಲವರು 1.27ಕ್ಕೆ. ಒಬ್ಬರ 284 ಇನ್ನೊಬ್ಬರ ಲೆಕ್ಕದಲ್ಲಿ 240 ಆಗಬಹುದು."

"ಜುಟ್ಟು ಸೇರಿಸಿ ಎತ್ತರ ಅಳೆದ ಹಾಗೆ," ಅಂದೆ ನಾನು.

"ಹಾಗೇ ಅನ್ನು. ಸೀನ, ಈ ಕ್ಯಾಮಿಗೆ ಜೀವ ಬರೋದೇ 3500 ಆರ್‌ಪಿಎಂ ದಾಟಿದ ಮೇಲೆ ಅಂತ ಕಾರ್ಡಿನಲ್ಲೇ ಬರೆದಿದ್ದಾರಲ್ಲ. ನಿನ್ನ ಕಾರು ಯಾವತ್ತಾದರೂ 3500 ನೋಡಿದೆಯಾ?"

ಸೀನ ಸ್ವಲ್ಪ ಹೊತ್ತು ಯೋಚಿಸಿದ. "ಒಂದು ಸಲ ನೋಡಿದೆ. ನಾಲ್ಕನೇ ಗೇರಿಗೆ ಹಾಕಲು ಹೋಗಿ ಎರಡಕ್ಕೆ ಬಿದ್ದುಬಿಟ್ಟಿತ್ತು."

ಆಮೇಲೆ ಬಾಯಿ ಬಿಟ್ಟ. ಅವನಿಗೆ ಪವರ್ ಗಿವರ್ ಏನೂ ಬೇಡ. ಬೇಕಾಗಿರೋದು ಸದ್ದು. ಸಿಗ್ನಲ್‌ನಲ್ಲಿ ನಿಂತಾಗ ರೇಸ್ ಕಾರಿನ ಹಾಗೆ ಕುಂಟುತ್ತಾ ಕುಂಟುತ್ತಾ ಗುರುಗುಟ್ಟುತ್ತಲ್ಲ, ಆ ಐಡಲ್ ಸದ್ದು. ಪಕ್ಕದ ಕಾರಿನವನು ತಿರುಗಿ ನೋಡಬೇಕು, ಅಷ್ಟೇ.

"ಅದು ಯಾಕೆ ಕುಂಟುತ್ತೆ ಗೊತ್ತಾ?" ಅಂದರು ರಾಜಣ್ಣ. "ಹೊಗೆ ಹೋಗುವ ವಾಲ್ವ್ ಮುಚ್ಚೋದಕ್ಕೆ ಮೊದಲೇ ಗಾಳಿ ಬರುವ ವಾಲ್ವ್ ತೆರೆಯುತ್ತೆ. ಎರಡೂ ಒಟ್ಟಿಗೆ ತೆರೆದಿರುವ ಹೊತ್ತು ಇಂಥ ಕ್ಯಾಮಿನಲ್ಲಿ ಜಾಸ್ತಿ. ಜೋರಾಗಿ ಓಡುವಾಗ ಅದರಿಂದ ಲಾಭ. ಹೊರಗೆ ಹೋಗುವ ಹೊಗೆ ಹೊಸ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ. ನಿಂತಾಗ ಮಾತ್ರ ಹೊಗೆ ವಾಪಸ್ ಒಳಗೇ ನುಗ್ಗುತ್ತೆ, ಒಂದು ಸಲ ಸರಿಯಾಗಿ ಉರಿಯುತ್ತೆ, ಇನ್ನೊಂದು ಸಲ ಉರಿಯಲ್ಲ. ನೀನು ಹಣ ಕೊಟ್ಟು ಕೊಂಡಿರೋದು ಆ ಕೆಮ್ಮು. ಇನ್ನೊಂದು ವಿಷಯ. ನಿಂತಾಗ ಇಂಜಿನ್ನಿನ ವ್ಯಾಕ್ಯೂಮ್ ಕಮ್ಮಿಯಾಗುತ್ತೆ. ಬ್ರೇಕ್ ಒತ್ತೋದನ್ನು ಹಗುರ ಮಾಡುವ ಬೂಸ್ಟರಿಗೆ ಬೇಕಾಗಿರೋದು ಅದೇ ವ್ಯಾಕ್ಯೂಮ್. ಪೆಡಲ್ ಗಟ್ಟಿಯಾಗಬಹುದು, ನೋಡಿಕೋ."

"ಅಂದರೆ ಸದ್ದು ಕೇಳಿ ಪಕ್ಕದವನು ತಿರುಗಿ ನೋಡೋಷ್ಟರಲ್ಲಿ ಇವನು ಮುಂದಿನ ಕಾರಿಗೆ ಗುದ್ದಿರ್ತಾನೆ," ಅಂದ ಮಂಜ.

ಇಷ್ಟಾದ ಮೇಲೂ ಸೀನ ಹಟ ಬಿಡಲಿಲ್ಲ. ಬರುವ ಭಾನುವಾರ ಬೆಳಿಗ್ಗೆ ಬಿಚ್ಚಿ ಸಂಜೆಯೊಳಗೆ ಹಾಕಿಬಿಡೋಣ ಅಂದ. ರಾಜಣ್ಣ ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದೇ ಅವತ್ತು.

"ಹಾಕೋದು ಒಂದು ದಿನದ ಕೆಲಸವೇ. ಅದಕ್ಕೆ ರೆಡಿಯಾಗೋದು ಒಂದು ತಿಂಗಳದು. ವಾಲ್ವ್ ಸ್ಪ್ರಿಂಗ್ ತಂದಿದ್ದೀಯಾ?"

"ಹಳೇದೇ ಚೆನ್ನಾಗಿದೆಯಲ್ಲ?"

ಅಲ್ಲಿಂದ ಶುರುವಾಯಿತು ನೋಡಿ. ಉಬ್ಬು ಎತ್ತರವಾದರೆ ಸ್ಪ್ರಿಂಗ್ ಜಾಸ್ತಿ ಅದುಮಿಕೊಳ್ಳಬೇಕು. ಹಳೆ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ತಾಗಿಬಿಟ್ಟರೆ ಮುಂದೆ ಹೋಗಲು ಜಾಗವೇ ಇರಲ್ಲ, ಏನೋ ಒಂದು ಮುರಿಯಲೇಬೇಕು. ವಾಲ್ವ್ ಪೂರ್ತಿ ತೆರೆದಾಗಲೂ ಸುಮಾರು ಒಂದೂವರೆ ಮಿಲಿಮೀಟರ್ ಸಂದು ಉಳಿದಿರಬೇಕಂತೆ. ಹಾಗಾಗಿ ಹೊಸ ಸ್ಪ್ರಿಂಗ್. ಸ್ಪ್ರಿಂಗ್ ಬಿಚ್ಚಿದ ಮೇಲೆ ಕೆಳಗಿರುವ ಹಳೆ ಸೀಲ್ ಬಿಡೋಕಾಗುತ್ತಾ? ಹೊಸ ಸೀಲ್. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ಹೇಗೂ ಕೈಯಲ್ಲೇ ಇರುತ್ತೆ, ಅದೂ ಹೊಸದು, ಅದನ್ನು ಬಿಗಿ ಹಿಡಿಯುವ ಟೆನ್ಷನರ್ರೂ ಹೊಸದು. ಬೆಲ್ಟಿನ ಹಿಂದೆ ಅವಿತು ಕೂತಿರುವ ವಾಟರ್ ಪಂಪ್ ಇನ್ನಾರು ತಿಂಗಳಿಗೆ ಸೋರಿದರೆ ಮತ್ತೆ ಎಲ್ಲ ಬಿಚ್ಚಬೇಕು, ಅದನ್ನೂ ಬರೆದುಕೋ. ಇಷ್ಟೆಲ್ಲ ಆದ ಮೇಲೆ ಇಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಅದನ್ನು ಟ್ಯೂನ್ ಮಾಡಿಸದಿದ್ದರೆ, ಒಳಗೆ ಹೊಸ ಕ್ಯಾಮ್ ಬಂದಿದೆ ಅಂತ ಗೊತ್ತೇ ಇಲ್ಲದೆ ಅದು ಹಳೆ ಲೆಕ್ಕದಲ್ಲೇ ಪೆಟ್ರೋಲ್ ಹಾಕುತ್ತಿರುತ್ತೆ. ಸೀನ ಬರೆಯುತ್ತಾ ಬರೆಯುತ್ತಾ ಕಾಗದ ತಿರುಗಿಸಿದ. ಕ್ಯಾಮಿಗೆ ಕೊಟ್ಟದ್ದಕ್ಕಿಂತ ಅದರ ಬಳಗಕ್ಕೆ ಕೊಡಬೇಕಾದದ್ದೇ ಜಾಸ್ತಿಯಾಗಿತ್ತು. ಮೂಗಿಗಿಂತ ಮೂಗುತಿ ಭಾರ.

"ಬಕೆಟ್ ಹದಿನಾರೂ ಚೆನ್ನಾಗಿವೆಯಾ ನೋಡು," ಅಂದರು ರಾಜಣ್ಣ ಕೊನೆಗೆ.

ಒಳಗಿಂದ ಸೀನನ ಹೆಂಡತಿ, ನಮ್ಮ ಅತ್ತಿಗೆಯ ದನಿ ಬಂತು. "ನಮ್ಮನೇಲಿ ಇರೋದೇ ಎರಡು ಬಕೆಟ್. ಒಂದು ಈಗಾಗಲೇ ಕಾರಿನ ಕೆಳಗಿದೆ."

ಇಂಜಿನ್ನಿನ ಬಕೆಟ್ ಅಂದರೆ ಬೇರೆ. ವಾಲ್ವಿನ ತಲೆ ಮೇಲೆ ಬೋರಲು ಹಾಕಿದ ಸಣ್ಣ ಲೋಟದ ಥರ ಇರುತ್ತೆ, ಕ್ಯಾಮಿನ ಉಬ್ಬು ಒತ್ತೋದು ಅದನ್ನೇ. ಅದರೊಳಗೆ ಗುಂಡಿಯಷ್ಟು ದೊಡ್ಡದೊಂದು ಬಿಲ್ಲೆ ಇರುತ್ತೆ, ಶಿಮ್ ಅಂತಾರೆ. ಉಬ್ಬಿಗೂ ಬಕೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡೋದು ಈ ಶಿಮ್ಮಿನ ಕೆಲಸ. ಹೊಸ ಕ್ಯಾಮ್ ಬಂದರೆ ಸಂದು ಬದಲಾಗುತ್ತೆ, ಶಿಮ್ಮೂ ಬದಲಾಗಬೇಕು. ಲೆಕ್ಕ ಸುಲಭ. ಈಗಿರುವ ಶಿಮ್ 2.50 ಮಿಲಿಮೀಟರ್ ದಪ್ಪ, ಹೊಸ ಕ್ಯಾಮ್ ಇಟ್ಟು ಅಳೆದಾಗ ಸಂದು 0.35, ಬೇಕಾದದ್ದು 0.20 ಅಂದರೆ 2.65ರ ಶಿಮ್ ತರಬೇಕು. ಆದರೆ ಈ ಲೆಕ್ಕಕ್ಕೆ ಯಾವ ಶಿಮ್ ಯಾವ ವಾಲ್ವಿನದು ಅಂತ ಗೊತ್ತಿರಬೇಕು. ರಾಜಣ್ಣ ಇದನ್ನು ಮೂರು ಸಲ ಹೇಳಿದರು. ಬೆರೆಸಬೇಡ, ಬೆರೆಸಬೇಡ, ಬೆರೆಸಬೇಡ.

ಒಂದು ತಿಂಗಳು ಅಂದದ್ದು ಆರು ವಾರ ಆಯಿತು. ಸಾಮಾನು ಒಂದೊಂದೇ ಬಂತು. ಆ ಶನಿವಾರ ಸೀನ ನಮ್ಮನ್ನು ಯಾರನ್ನೂ ಕರೆಯದೆ, ಆಫೀಸಿನ ಶರ್ಟಿನಲ್ಲೇ ಶೆಡ್ಡಿಗೆ ಹೋಗಿ ಬೆಲ್ಟು, ಕ್ಯಾಮು, ಬಕೆಟ್ಟು ಎಲ್ಲ ಬಿಚ್ಚಿಬಿಟ್ಟಿದ್ದ. ಭಾನುವಾರ ನಾವು ಹೋದಾಗ ಇಂಜಿನ್ ಬಾಯಿ ತೆರೆದು ಮಲಗಿತ್ತು.

ಒಂದು ಮಾತು ಒಪ್ಪಬೇಕು, ಕೆಲಸ ನೀಟಾಗಿತ್ತು. ಕ್ಯಾಮ್ ಹಿಡಿದಿರುವ ಕ್ಯಾಪುಗಳ ಬೋಲ್ಟನ್ನು ಹೊರಗಿನಿಂದ ಒಳಕ್ಕೆ, ಒಂದೊಂದಕ್ಕೆ ಅರ್ಧ ಸುತ್ತಿನ ಹಾಗೆ, ಸರದಿ ಪ್ರಕಾರ ಸಡಿಲ ಮಾಡಿದ್ದ. ಒಂದನ್ನೇ ಪೂರ್ತಿ ಬಿಚ್ಚಿದರೆ ಆ ಕಡೆ ಸ್ಪ್ರಿಂಗ್ ಎತ್ತಿ ಕ್ಯಾಮ್ ಲಟಕ್ ಅಂತ ಮುರಿಯಬಹುದು. ಎರಕದ ಕ್ಯಾಮ್ ಬಗ್ಗಲ್ಲ, ಸೀದಾ ಮುರಿಯುತ್ತೆ. ಕ್ಯಾಪಿನ ಮೇಲಿನ ನಂಬರು, ಬಾಣದ ಗುರುತು ಎಲ್ಲದರ ಫೋಟೋ ತೆಗೆದಿದ್ದ. ಮಂಜನ ಕ್ಯಾಮೆರಾ ಆಸೆ ಇಲ್ಲಾದರೂ ತೀರಬೇಕಿತ್ತು, ಅವನನ್ನು ಕರೆದೇ ಇರಲಿಲ್ಲ. ಆಯಿಲ್ ಇಳಿಯುವ ತೂತಿಗೆಲ್ಲ ಬಟ್ಟೆ ತುರುಕಿದ್ದ, ಏನೂ ಒಳಗೆ ಬೀಳದಿರಲಿ ಅಂತ.

"ಶಿಮ್ ಎಲ್ಲಿಟ್ಟಿದ್ದೀಯ?" ರಾಜಣ್ಣನ ಮೊದಲ ಪ್ರಶ್ನೆ.

ಸೀನ ಎದೆ ಉಬ್ಬಿಸಿ ಒಂದು ಪ್ಲಾಸ್ಟಿಕ್ ಡಬ್ಬಿ ತೆಗೆದ. ಅವನ ಅಪ್ಪನ ಮಾತ್ರೆ ಡಬ್ಬಿ. ಸೋಮವಾರದಿಂದ ಭಾನುವಾರದವರೆಗೆ, ಬೆಳಿಗ್ಗೆ ಒಂದು ಮನೆ, ರಾತ್ರಿ ಒಂದು ಮನೆ. "ಸೋಮವಾರ ಬೆಳಿಗ್ಗೆ ಅಂದರೆ ಒಂದನೇ ಸಿಲಿಂಡರಿನ ಮೊದಲ ವಾಲ್ವ್. ಹಾಗೇ ಸಾಲಾಗಿ. ಬಕೆಟ್ಟನ್ನು ಆಯಸ್ಕಾಂತ ಇಟ್ಟು ಎತ್ತಿದೆ. ಎಣ್ಣೆಯ ಅಂಟಿಗೆ ಶಿಮ್ ಅದರ ಹೊಟ್ಟೆಗೇ ಕಚ್ಚಿಕೊಂಡು ಬಂತು. ಉಗುರಲ್ಲಿ ಎಬ್ಬಿಸಿ ಡಬ್ಬಿಗೆ ಹಾಕಿದೆ. ದಪ್ಪ ನಿಧಾನಕ್ಕೆ ಅಳೆದುಕೊಳ್ಳೋಣ ಅಂತ."

ರಾಜಣ್ಣ ಮೊದಲ ಸಲ ತಲೆದೂಗಿದರು. ನಾನು ಸುಮ್ನೆ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏಳು ದಿನ, ಎರಡು ಹೊತ್ತು, ಹದಿನಾಲ್ಕು. ಇರೋದು ಹದಿನಾರು. ಕೇಳೋಣ ಅಂದುಕೊಂಡೆ, ಅಷ್ಟರಲ್ಲಿ ಮಂಜ ಜೇಬಿನಿಂದ ಒಂದು ಹಸಿರು ಉಂಡೆ ತೆಗೆದು ಮಾತು ಬೇರೆ ಕಡೆ ಹೋಯಿತು.

ಅದು ಅವನ ಮಗಳ ಆಟದ ಮಣ್ಣು. ಪಿಸ್ಟನ್ ಮೇಲೆ ಮೆತ್ತಿ ಇಂಜಿನ್ ಎರಡು ಸುತ್ತು ತಿರುಗಿಸಿದರೆ ವಾಲ್ವ್ ಅದರಲ್ಲಿ ಗುಳಿ ಮಾಡುತ್ತೆ, ಉಳಿದ ದಪ್ಪ ಅಳೆದರೆ ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಸಂದು ಇದೆ ಅಂತ ಗೊತ್ತಾಗುತ್ತೆ ಅಂತ ಎಲ್ಲೋ ಕೇಳಿಕೊಂಡು ಬಂದಿದ್ದ. ಮಗಳು ಅಳುತ್ತಾ ಕೊಟ್ಟಿದ್ದಳಂತೆ.

"ವಿಷಯ ಸರಿ," ಅಂದರು ರಾಜಣ್ಣ. "ಗಾಳಿ ವಾಲ್ವಿಗೆ 2 ಮಿಲಿಮೀಟರ್, ಹೊಗೆ ವಾಲ್ವಿಗೆ ಎರಡೂವರೆ ಇದ್ದರೆ ನಿಶ್ಚಿಂತೆ. ಆದರೆ ಮಣ್ಣು ಮೆತ್ತೋಕೆ ಸಿಲಿಂಡರುಗಳ ಮೇಲಿನ ಮುಚ್ಚಳ, ಅಂದರೆ ಹೆಡ್ಡನ್ನೇ ಎತ್ತಬೇಕು. ಇಲ್ಲಿ ಹೆಡ್ ಕೂತೇ ಇದೆ. ಇದಕ್ಕೆ ಮೆದು ಸ್ಪ್ರಿಂಗ್ ಹಾಕಿ, ಡಯಲ್ ಗೇಜ್ ಇಟ್ಟು, ವಾಲ್ವನ್ನು ಕೈಯಲ್ಲಿ ಒತ್ತಿ ನೋಡೋದು."

ಮಂಜ ಉಂಡೆಯನ್ನು ವಾಪಸ್ ಜೇಬಿಗೆ ಹಾಕಿಕೊಂಡ. ಹಾಕಿಕೊಳ್ಳುವಾಗ ಅದು ಅರ್ಧ ಕಪ್ಪಾಗಿತ್ತು. ಮನೆಯಲ್ಲಿ ಏನು ಹೇಳಿದನೋ ಗೊತ್ತಿಲ್ಲ.

ಮುಂದಿನದು ಸ್ಪ್ರಿಂಗ್ ಬದಲಾಯಿಸುವ ಕೆಲಸ. ಸ್ಪ್ರಿಂಗ್ ಅದುಮಿ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಎರಡು ಲಾಕ್ ತೆಗೆದರೆ ವಾಲ್ವನ್ನು ಹಿಡಿದಿರೋಕೆ ಏನೂ ಇರಲ್ಲ, ಜಾರಿ ಸಿಲಿಂಡರಿನೊಳಕ್ಕೆ ಬಿದ್ದರೆ ಹೆಡ್ ಎತ್ತಲೇಬೇಕು. ಕೆಲವರು ಸ್ಪಾರ್ಕ್ ಪ್ಲಗ್ ತೂತಿನಿಂದ ಒತ್ತಡದ ಗಾಳಿ ತುಂಬಿ ವಾಲ್ವನ್ನು ಮೇಲಕ್ಕೆ ಹಿಡಿಸುತ್ತಾರೆ. ನಮ್ಮ ಹತ್ತಿರ ಕಂಪ್ರೆಸರ್ ಎಲ್ಲಿಂದ ಬರಬೇಕು? ಸೈಕಲ್ ಪಂಪ್ ಇದೆ ಅಂದ ಮಂಜ. ಯಾರೂ ಉತ್ತರ ಕೊಡಲಿಲ್ಲ.

"ಹಗ್ಗ ಇದೆಯಾ?" ಅಂದರು ರಾಜಣ್ಣ. "ಮೆತ್ತಗಿರೋದು, ಎಳೆ ಬಿಡದೇ ಇರೋದು."

ಸೀನ ಹಿತ್ತಲಿಗೆ ಹೋಗಿ ಒಂದು ನಿಮಿಷದಲ್ಲಿ ನೀಲಿ ನೈಲಾನ್ ಹಗ್ಗ ತಂದ. ಪಿಸ್ಟನ್ ಕೆಳಗಿರುವಾಗ ಪ್ಲಗ್ ತೂತಿನಿಂದ ಹಗ್ಗ ತುರುಕುತ್ತಾ ಹೋಗೋದು, ಆಮೇಲೆ ಕ್ರ್ಯಾಂಕನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ನಿಧಾನವಾಗಿ ತಿರುಗಿಸಿದರೆ ಪಿಸ್ಟನ್ ಮೇಲೆ ಬಂದು ಹಗ್ಗದ ಗಂಟನ್ನು ವಾಲ್ವುಗಳಿಗೆ ಒತ್ತಿ ಹಿಡಿಯುತ್ತೆ. ಇಷ್ಟೇ. ಇಷ್ಟೆಲ್ಲ ಮಿಲಿಮೀಟರ್ ಲೆಕ್ಕದ ಯಂತ್ರಕ್ಕೆ ಮಾರುದ್ದದ ಹಗ್ಗದ ಚಿಕಿತ್ಸೆ ನೋಡಿ ನನಗಂತೂ ಭಾರಿ ಖುಷಿಯಾಯಿತು. "ಬಾಲ ಒಳಗೆ ಹೋಗದ ಹಾಗೆ ಏನಾದರೂ ಸಿಕ್ಕಿಸು" ಅಂದರು. ಸೀನ ಹಗ್ಗದ ಜೊತೆಗೇ ಬಂದಿದ್ದ ಬಟ್ಟೆ ಕ್ಲಿಪ್ ಸಿಕ್ಕಿಸಿದ.

ಒಂದನೇ ಸಿಲಿಂಡರ್ ಮುಗಿಯಿತು. ಎರಡನೆಯದರಲ್ಲಿ ಒಂದು ಲಾಕ್ ಟಣ್ ಅಂತ ಹಾರಿ ಮಂಜನ ಇಸ್ತ್ರಿ ಕಾಲರಿನೊಳಗೆ ಸೇರಿತು. ಅದನ್ನು ಹುಡುಕಲು ಅರ್ಧ ಗಂಟೆ. ಈ ಮಧ್ಯೆ, ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿ ಮಾಡುವ ಟಾರ್ಕ್ ರೆಂಚ್ ವಿಷಯಕ್ಕೆ ಸಣ್ಣ ಜಗಳವೂ ಆಯಿತು. ಕ್ಯಾಪಿನ ಸಣ್ಣ ಬೋಲ್ಟಿಗೆ ಬೇಕಾಗಿರೋದು ಸುಮಾರು 10 ನ್ಯೂಟನ್ ಮೀಟರ್, ಸೀನನ ಹತ್ತಿರ ಇದ್ದದ್ದು ಚಕ್ರದ ನಟ್ಟಿನದು, ಶುರುವಾಗೋದೇ 40ರಿಂದ. ಅಂದಾಜಿನಲ್ಲಿ ಬಿಗಿ ಮಾಡೋಣ ಅಂದ ಮಂಜನನ್ನು ರಾಜಣ್ಣ ಕನ್ನಡಕದ ಮೇಲಿನಿಂದ ನೋಡಿದರು, ಅಷ್ಟೇ.

"ಕೂರಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಾದರೂ ತಡೆದರೆ ಅಲ್ಲೇ ನಿಲ್ಲಿಸು, ಜೋರು ಮಾಡಬೇಡ. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿದೆ ಅಂತ ಅರ್ಥ. ಸ್ಟಾರ್ಟ್ ಮಾಡಿದ ತಕ್ಷಣ 2000ದಿಂದ 2500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಹಿಡಿ. ಉಬ್ಬು, ಬಕೆಟ್ಟು ಒಂದಕ್ಕೊಂದು ಹೊಂದಿಕೊಳ್ಳಬೇಕು. ಶೆಡ್ಡಿನೊಳಗೆ ಬೇಡ, ಹೊರಗೆ ತಳ್ಳಿಕೊಂಡು ಹೋಗಿ ಮಾಡು. ಆ ಹೊಗೆ ಜೀವ ತೆಗೆಯುತ್ತೆ. ಐಡಲ್‌ಗೆ ಮಾತ್ರ ಬಿಡಬೇಡ."

ಸೀನನ ಮುಖ ಇಳಿಯಿತು. "ಐಡಲ್‌ಗೆ ಬಿಡಬಾರದಾ? ನಾನು ಇಷ್ಟೆಲ್ಲ ಮಾಡ್ತಿರೋದೇ ಐಡಲ್‌ಗೆ."

"ಇಪ್ಪತ್ತೇ ನಿಮಿಷ. ಆರು ವಾರ ಕಾದಿದ್ದೀಯಲ್ಲ."

ಮೂರನೇ ಸಿಲಿಂಡರಿಗೆ ಹಗ್ಗ ಪೂರ್ತಿ ಹೋಗಿತ್ತು. ಸೀನ ಸ್ಪ್ರಿಂಗ್ ಅದುಮಿ ಹಿಡಿದಿದ್ದ, ರಾಜಣ್ಣ ಲಾಕ್ ಎತ್ತುತ್ತಿದ್ದರು, ನಾನು ಟಾರ್ಚ್, ಮಂಜ ಕಾಲರ್ ಮುಚ್ಚಿಕೊಂಡು ದೂರದಲ್ಲಿ. ಆಗ ಶೆಡ್ಡಿನ ಬಾಗಿಲಲ್ಲಿ ಅತ್ತಿಗೆ ಬಂದು ನಿಂತರು. ಒಂದು ಕೈಯಲ್ಲಿ ಒದ್ದೆ ಬಟ್ಟೆ ತುಂಬಿದ ಬಕೆಟ್, ಎರಡರಲ್ಲಿ ಉಳಿದಿದ್ದ ಒಂದು. ಇನ್ನೊಂದು ಕೈ ಮುಷ್ಟಿ ಕಟ್ಟಿತ್ತು.

"ರೀ, ವಾಷಿಂಗ್ ಮಷೀನು ಬೆಳಿಗ್ಗೆಯಿಂದ ಕಟಕಟ ಅಂತಿತ್ತು. ನಿಮ್ಮ ನಿನ್ನೆ ಶರ್ಟಿನ ಜೇಬಿನಲ್ಲಿ ಇದು ಸಿಕ್ತು."

ಮುಷ್ಟಿ ಬಿಚ್ಚಿದರು. ಎರಡು ಶಿಮ್. ಫಳಫಳ ಹೊಳೆಯುತ್ತಿದ್ದವು.

ಸೀನ ನನ್ನ ಕಡೆ ನೋಡಿದ. "ಡಬ್ಬಿಯಲ್ಲಿ ಮನೆ ಸಾಲಲಿಲ್ಲ ಕಣೋ," ಅಂದ ಮೆಲ್ಲಗೆ.

ರಾಜಣ್ಣ ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ತುಂಬಾ ಚೆನ್ನಾಗಿ ತೊಳೆದಿದ್ದೀರಮ್ಮ," ಅಂದರು. "ಒಂದು 2.55, ಇನ್ನೊಂದು 2.60. ಸೀನ, ಯಾವುದು ಯಾವ ವಾಲ್ವಿನದು?"

ಯಾರೂ ಮಾತಾಡಲಿಲ್ಲ.

"ಅದೆಲ್ಲ ಆಮೇಲೆ," ಅಂದರು ಅತ್ತಿಗೆ, ಬಕೆಟ್ ಕೆಳಗಿಟ್ಟು. "ಹಿತ್ತಲಲ್ಲಿದ್ದ ಬಟ್ಟೆ ಹಗ್ಗ ಎಲ್ಲಿ?"

ನಾವು ನಾಲ್ಕೂ ಜನ ಇಂಜಿನ್ ಕಡೆ ನೋಡಬಾರದು ಅಂದುಕೊಂಡರೂ ನೋಡಿಬಿಟ್ಟೆವು. ಮೂರನೇ ಪ್ಲಗ್ ತೂತಿನಿಂದ ಗೇಣುದ್ದ ನೀಲಿ ಬಾಲ ನೇತಾಡುತ್ತಿತ್ತು, ತುದಿಯಲ್ಲಿ ಅತ್ತಿಗೆಯ ಕೆಂಪು ಕ್ಲಿಪ್ಪು.